ಗಂಟಲುಮಾರಿಯ ವಿಷ ಮತ್ತು ಮಗುವಿನ ಚುಚ್ಚುಮದ್ದು: ಒಂದು ಪ್ರೋಟೀನಿನ ನಕ್ಷೆ ಬರೆದ ಕಥೆ

ಮಗುವಿಗೆ ಎರಡು ತಿಂಗಳು ತುಂಬಿತು ಅಂದರೆ ಇಲ್ಲಿ ಅಮೆರಿಕದಲ್ಲಿ ಮಕ್ಕಳ ಡಾಕ್ಟರು ಒಂದೇ ದಿನ ಮೂರು ನಾಲ್ಕು ಚುಚ್ಚುಮದ್ದು ಕೊಟ್ಟು, ಕೈಗೊಂದು ಕಾಗದದ ಕಟ್ಟನ್ನೂ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಡೈಪರ್ ಬ್ಯಾಗಿನ ಜೇಬಿಗೆ ತುರುಕಿ ಮರೆತುಬಿಡುತ್ತೇವೆ. ಆದರೆ ಸಣ್ಣ ಅಕ್ಷರಗಳನ್ನು ಬಿಡದೆ ಓದುವ ಅಪ್ಪ ಅಮ್ಮಂದಿರೂ ಇದ್ದಾರೆ. ಅಂಥವರ ಪ್ರಶ್ನೆ ಇದು: "ನ್ಯುಮೋನಿಯಾ ಲಸಿಕೆಯ ಕಾಗದದಲ್ಲಿ 'ಡಿಫ್ತೀರಿಯಾ ಸಿಆರ್‌ಎಂ197 ಪ್ರೋಟೀನ್' ಅಂತ ಬರೆದಿದೆಯಲ್ಲ? ಡಿಫ್ತೀರಿಯಾಕ್ಕೆ ಬೇರೆ ಚುಚ್ಚುಮದ್ದು ಕೊಟ್ಟಾಯಿತು. ಅದರ ವಿಷವನ್ನು ತಂದು ಇದಕ್ಕೂ ಯಾಕೆ ಹಾಕಿದರು?"

ತುಂಬಾ ಒಳ್ಳೆಯ ಪ್ರಶ್ನೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹೆದರಿಕೆ ಹುಟ್ಟಿಸುವ ಉತ್ತರಗಳೇ ಮೊದಲು ಸಿಗುತ್ತವೆ. ಸರಿಯಾದ ಉತ್ತರ ಸ್ವಲ್ಪ ಉದ್ದ. ಅದಕ್ಕೆ ಆ ವಿಷದ ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂದು ವಿಜ್ಞಾನಿಗಳು ನಕ್ಷೆ ಬರೆದ ಕಥೆಯನ್ನೇ ಹೇಳಬೇಕಾಗುತ್ತದೆ. ಕಾಫಿ ಹಿಡಿದುಕೊಂಡು ಕೂತರೆ ಓದಿ ಮುಗಿಸಬಹುದು.

ಡಿಫ್ತೀರಿಯಾಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಗಂಟಲುಮಾರಿ. ಹೆಸರಿನಲ್ಲೇ ಮಾರಿ ಇದ್ದಾಳೆ, ಸುಮ್ಮನೆ ಇಟ್ಟದ್ದಲ್ಲ. ಮಗುವಿನ ಗಂಟಲಲ್ಲಿ ಬೂದು ಬಣ್ಣದ, ಚರ್ಮದಂತೆ ದಪ್ಪನಾದ ಪೊರೆ ಕಟ್ಟುತ್ತದೆ, ಕುತ್ತಿಗೆ ಊದಿಕೊಳ್ಳುತ್ತದೆ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಗಂಟಲಿನ ಗಂಡಾಂತರದಿಂದ ಪಾರಾದ ಮಗು ಕೂಡ ಒಂದೆರಡು ವಾರ ಬಿಟ್ಟು ಹೃದಯ ಸೋತು ತೀರಿಕೊಳ್ಳುವುದುಂಟು. ಕೈಕಾಲಿನ ನರಗಳು ಸೋಲುವುದೂ ಉಂಟು.

ವಿಚಿತ್ರ ಎಂದರೆ ರೋಗಾಣು ಸಾಮಾನ್ಯವಾಗಿ ಗಂಟಲು ಬಿಟ್ಟು ಕದಲುವುದೇ ಇಲ್ಲ. 1884ರಲ್ಲಿ ಜರ್ಮನಿಯ ಫ್ರೆಡರಿಕ್ ಲೋಫ್ಲರ್ ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ ಅವರಿಗೂ ಇದೇ ಗೊಂದಲ. ರೋಗಾಣು ಇರುವುದು ಗಂಟಲಲ್ಲಿ, ಕೆಟ್ಟಿರುವುದು ಹೃದಯ! ಹಾಗಾದರೆ ಅದು ಏನೋ ವಿಷವನ್ನು ಸುರಿಸುತ್ತಿರಬೇಕು ಎಂದು ಅವರು ಊಹಿಸಿದರು. 1888ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಇದನ್ನು ಸಾಬೀತು ಮಾಡಿದರು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದ ಆ ತಿಳಿಯನ್ನು ಪ್ರಾಣಿಗಳಿಗೆ ಚುಚ್ಚಿದರೂ ಅವು ಸತ್ತವು.

ಮುಂದಿನದು ವೇಗವಾಗಿ ನಡೆಯಿತು. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಇಂಥ ವಿಷಗಳಿಗೆ ಪ್ರತಿವಿಷ ಪ್ರಾಣಿಗಳ ರಕ್ತದಲ್ಲೇ ಹುಟ್ಟುತ್ತದೆಂದು ತೋರಿಸಿದರು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬೇರಿಂಗ್ ಅವರಿಗೆ ಬಂತು. (ಕಿಟಸಾಟೊ ಅವರಿಗೆ ಬರಲಿಲ್ಲ, ಅದು ಬೇರೆಯೇ ಕಥೆ.) ನಮ್ಮ ಮಕ್ಕಳಿಗೆ 'ಬಾಲ್ಟೊ' ಸಿನಿಮಾ ಗೊತ್ತಿರುತ್ತದಲ್ಲ, ಆ ನಾಯಿಬಂಡಿಗಳು 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಹಿಮದಲ್ಲಿ 674 ಮೈಲಿ ಹೊತ್ತೊಯ್ದದ್ದು ಇದೇ ಪ್ರತಿವಿಷ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೊನ ಪ್ರತಿಮೆಯ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆಯುವಾಗ ಗಂಟಲುಮಾರಿಯ ಕಥೆಯನ್ನೂ ಹೇಳಬಹುದು. ಅದೇ ಕಾಲಕ್ಕೆ ಫ್ರಾನ್ಸಿನ ಗ್ಯಾಸ್ಟನ್ ರಾಮೋನ್ ವಿಷಕ್ಕೆ ಫಾರ್ಮಾಲಿನ್ ಬೆರೆಸಿ ಬೆಚ್ಚಗಿಟ್ಟರೆ ಅದರ ಕೆಡುಕು ಹೋಗಿ ರೋಗನಿರೋಧಕ ಗುಣ ಮಾತ್ರ ಉಳಿಯುತ್ತದೆಂದು ಕಂಡುಕೊಂಡರು. ಡಿಟಿಎಪಿ ಚುಚ್ಚುಮದ್ದಿನ 'ಡಿ' ಇವತ್ತಿಗೂ ಹೀಗೆಯೇ ಹದ ಮಾಡಿದ ವಿಷ.

ಅಂದರೆ ಲಸಿಕೆ ಬಂದಾಯಿತು, ಮಕ್ಕಳು ಬದುಕಿದರು. ಆದರೆ ವಿಷ ಹೇಗೆ ಕೊಲ್ಲುತ್ತದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ!

ಕೆಟ್ಟ ಮಿಕ್ಸಿಗಳ ಲೆಕ್ಕ

ಈ ವಿಷ ಒಂದು ಪ್ರೋಟೀನು. 535 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಒಂದೇ ಸರ, ಅದು ತನ್ನಷ್ಟಕ್ಕೆ ಮಡಚಿಕೊಂಡು ಉಂಡೆಯಾಗಿರುತ್ತದೆ. ಲಸಿಕೆ ಹಾಕಿಸಿಕೊಳ್ಳದ ಮನುಷ್ಯನ ಒಂದು ಕಿಲೋ ತೂಕಕ್ಕೆ ಒಂದು ಗ್ರಾಂನ ಕೋಟಿಯಲ್ಲಿ ಒಂದು ಭಾಗ, ಅಂದರೆ 0.1 ಮೈಕ್ರೋಗ್ರಾಂ, ಸಾಕು ಕೊಲ್ಲಲು. ಸೋಜಿಗ ಏನೆಂದರೆ ಈ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದೂ ಅಲ್ಲ. 1951ರಲ್ಲಿ ಸಿಯಾಟಲ್‌ನ ವಿಕ್ಟರ್ ಫ್ರೀಮನ್ ತೋರಿಸಿದಂತೆ, ಫೇಜ್ ಎಂಬ ವೈರಸ್ ಹೊಕ್ಕ ಬ್ಯಾಕ್ಟೀರಿಯಾ ಮಾತ್ರ ವಿಷ ತಯಾರಿಸುತ್ತದೆ, ಹೊಗದಿದ್ದದ್ದು ಸಾಧುವಾಗಿ ಇರುತ್ತದೆ. ಕಳ್ಳನ ಕೈಯಲ್ಲಿರುವ ಚಾಕು ಕೂಡ ಕಡ ತಂದದ್ದು!

ಇಷ್ಟು ಉದ್ದದ ಸರದಲ್ಲಿ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಕಾಣುವಂಥದ್ದಲ್ಲ, ಬಿಚ್ಚಿ ನೋಡೋಣ ಎಂದರೆ ಸ್ಕ್ರೂ ಇಲ್ಲ. ಇಲ್ಲಿ ಒಂದು ಉಪಮೆ ಕೊಡುತ್ತೇನೆ. ಊರಿಂದ ಹೊತ್ತು ತಂದ ಎರಡು ಮಿಕ್ಸಿಗಳು ಮನೆಯಲ್ಲಿವೆ ಎನ್ನಿ. (ಎರಡಕ್ಕೂ ಇಲ್ಲಿನ 110 ವೋಲ್ಟು ಒಗ್ಗದೆ ಮುನಿಸಿಕೊಂಡಿರುವುದು ಬೇರೆ ಮಾತು.) ಒಂದರ ಮೋಟಾರು ಸುಟ್ಟಿದೆ, ಜಾರು ಸರಿಯಿದೆ. ಇನ್ನೊಂದರ ಮೋಟಾರು ಸರಿಯಿದೆ, ಜಾರು ಒಡೆದಿದೆ. ಎರಡರಲ್ಲೂ ಚಟ್ನಿ ಆಗುವುದಿಲ್ಲ. ಆದರೆ ಇದರ ಜಾರನ್ನು ಅದರ ಮೋಟಾರಿನ ಮೇಲೆ ಕೂರಿಸಿದರೆ? ಚಟ್ನಿ ತಯಾರು! ಜೊತೆಗೆ ಮಿಕ್ಸಿಯಲ್ಲಿ ಬೇರೆ ಬೇರೆ ಕೆಲಸದ ಎರಡು ಭಾಗಗಳಿವೆ ಎಂಬುದೂ ತಿಳಿದಂತಾಯಿತು. ವಿಷದ ನಕ್ಷೆ ಬರೆದದ್ದು ಹೆಚ್ಚು ಕಡಿಮೆ ಹೀಗೆಯೇ.

ಮೊದಲ ಎಳೆ ಸಿಕ್ಕಿದ್ದು 1964ರಲ್ಲಿ. ಹಾರ್ವರ್ಡ್‌ನ ಪ್ಯಾಪನ್‌ಹೈಮರ್ ಮತ್ತು ಅವರ ಶಿಷ್ಯ ಜಾನ್ ಕಾಲಿಯರ್, ಜೀವಕೋಶದಲ್ಲಿ ಪ್ರೋಟೀನು ತಯಾರಾಗುವುದನ್ನು ಈ ವಿಷ ನಿಲ್ಲಿಸಬೇಕಾದರೆ ಎನ್‌ಎಡಿ ಎಂಬ ಪುಟ್ಟ ಅಣುವೊಂದು ಜೊತೆಗಿರಬೇಕು ಎಂದು ಕಂಡರು. ಎನ್‌ಎಡಿ ನಮ್ಮ ದೇಹವೇ ಬಿ3 ಜೀವಸತ್ವದಿಂದ ತಯಾರಿಸಿಕೊಳ್ಳುವ ನಿರುಪದ್ರವಿ. ಅದಕ್ಕೂ ವಿಷಕ್ಕೂ ಏನು ನಂಟು? 1968ರಲ್ಲಿ ಜಪಾನಿನ ಹೋಂಜೊ, ನಿಶಿಜುಕಾ, ಹಯಾಶಿ ಮತ್ತು ಸಂಗಡಿಗರು ಒಗಟು ಬಿಡಿಸಿದರು. ಹೂ ಕಟ್ಟುವಾಗ ಒಂದೊಂದು ಗಂಟು ಬಿಗಿದ ಮೇಲೂ ಮಾಲೆಯನ್ನು ಅಷ್ಟಷ್ಟೇ ಮುಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಜೀವಕೋಶದಲ್ಲಿ ಪ್ರೋಟೀನಿನ ಮಾಲೆ ಕಟ್ಟುವಾಗ ಹಾಗೆ ಎಳೆಯುವ ಬೆರಳಿನ ಹೆಸರು ಇಎಫ್-2. ವಿಷ ಎನ್‌ಎಡಿಯನ್ನು ಮುರಿದು, ಅದರ ಒಂದು ಚೂರನ್ನು ಈ ಬೆರಳಿಗೆ ಅಂಟಿಸಿಬಿಡುತ್ತದೆ. ಬೆರಳು ಮರಗಟ್ಟಿತು, ಮಾಲೆ ನಿಂತಿತು, ಜೀವಕೋಶ ಸತ್ತಿತು.

ಆದರೆ ಇಲ್ಲೊಂದು ತೊಡಕು. ಪ್ರನಾಳದಲ್ಲಿ ನೋಡಿದರೆ ಇಡಿಯ ವಿಷ ಈ ಕೆಲಸ ಮಾಡುವುದೇ ಇಲ್ಲ! ಟ್ರಿಪ್ಸಿನ್ ಎಂಬ ಕಿಣ್ವದಿಂದ ಒಂದು ಕಡೆ ಕಚ್ಚು ಹಾಕಿ, ಎರಡು ತುಂಡುಗಳನ್ನು ಹಿಡಿದಿಟ್ಟ ಗಂಧಕದ ಕೊಂಡಿಯನ್ನು ಬಿಚ್ಚಿದ ಮೇಲೆಯೇ ಕೆಲಸ ಶುರು. ಹಾಗೆ ಬಿಚ್ಚಿದಾಗ ಸಿಕ್ಕಿದ ಚಿಕ್ಕ ತುಂಡು 'ಎ' (193 ಮಣಿ), ದೊಡ್ಡದು 'ಬಿ' (342 ಮಣಿ). ಅಂಟಿಸುವ ಕೆಲಸವೆಲ್ಲ 'ಎ'ದ್ದು. ವಿಚಿತ್ರವೆಂದರೆ 'ಎ' ತುಂಡನ್ನು ಎಷ್ಟೇ ಸುರಿದರೂ ಹೊರಗಿನಿಂದ ಅದು ಜೀವಕೋಶಕ್ಕೆ ಏನೂ ಮಾಡಲಾರದು. ಹಾಗಾದರೆ 'ಬಿ' ಯಾಕಿದೆ?

ಆಗ ಬಂದದ್ದು ಕೆಟ್ಟ ಮಿಕ್ಸಿಗಳು. 1971ರಲ್ಲಿ ಉಚಿಡಾ, ಗಿಲ್ ಮತ್ತು ಪ್ಯಾಪನ್‌ಹೈಮರ್ ಆ ಫೇಜ್ ವೈರಸ್ಸಿನ ಜೀನ್‌ಗಳನ್ನು ರಾಸಾಯನಿಕದಿಂದ ಅಲ್ಲಲ್ಲಿ ಕೆಡಿಸಿ, ತಪ್ಪು ತಪ್ಪಾದ ವಿಷಗಳನ್ನು ಬ್ಯಾಕ್ಟೀರಿಯಾದ ಕೈಯಿಂದ ತಯಾರಿಸಿದರು. ಅಸಲಿ ವಿಷಕ್ಕೆ ಹುಟ್ಟಿದ ಪ್ರತಿಕಾಯಗಳು ಈ ನಕಲಿಗಳನ್ನೂ ಗುರುತು ಹಿಡಿಯುತ್ತಿದ್ದವು. ಅದಕ್ಕೇ ಇವಕ್ಕೆ 'ಕ್ರಾಸ್ ರಿಯಾಕ್ಟಿಂಗ್ ಮೆಟೀರಿಯಲ್' ಅಥವಾ ಸಿಆರ್‌ಎಂ ಎಂದು ಹೆಸರು. ಅವುಗಳಲ್ಲಿ ಎರಡು ಪ್ರಸಿದ್ಧವಾದವು. ಸಿಆರ್‌ಎಂ45ರಲ್ಲಿ 'ಎ' ಸರಿಯಾಗಿದೆ, ಆದರೆ ಸರದ ಬಾಲ ತುಂಡಾಗಿದೆ, ಜೀವಕೋಶಕ್ಕೆ ಅಂಟಿಕೊಳ್ಳಲು ಆಗದು. ಸಿಆರ್‌ಎಂ197ರ ಉದ್ದ ಪೂರ್ತಿ ಇದೆ, ಜೀವಕೋಶಕ್ಕೆ ಚೆನ್ನಾಗಿ ಅಂಟುತ್ತದೆ, ಆದರೆ ಅದರ 'ಎ' ಕೆಲಸಕ್ಕೆ ಬಾರದು. ಎರಡೂ ನಿರುಪದ್ರವಿಗಳು. 1972ರಲ್ಲಿ ಇವೆರಡಕ್ಕೂ ಕಚ್ಚು ಹಾಕಿ, ಕೊಂಡಿ ಬಿಚ್ಚಿ, ಒಟ್ಟಿಗೆ ಬೆರೆಸಿ, ಮತ್ತೆ ಕೊಂಡಿ ಕೂಡುವಂತೆ ಬಿಟ್ಟರು. ಸಿಆರ್‌ಎಂ45ರ 'ಎ' ಹೋಗಿ ಸಿಆರ್‌ಎಂ197ರ 'ಬಿ' ಜೊತೆ ಕೂಡಿಕೊಂಡಾಗ ಹುಟ್ಟಿದ್ದು ಅಸಲಿ ವಿಷ!

ನನ್ನನ್ನು ಕೇಳಿದರೆ ಈ ಕಥೆಯಲ್ಲೆಲ್ಲ ಇದೇ ಅತಿ ಸೊಗಸಾದ ಪ್ರಯೋಗ. ದುಬಾರಿ ಯಂತ್ರವಿಲ್ಲ, ಕಂಪ್ಯೂಟರ್ ಇಲ್ಲ. ಎರಡು ಸಾಧು ಪ್ರೋಟೀನು, ಒಂದಿಷ್ಟು ರಸಾಯನ, ತುಂಬಾ ತಲೆ. ಜೀನ್‌ಗಳನ್ನು ಬೇಕಾದಂತೆ ಕತ್ತರಿಸಿ ಜೋಡಿಸುವ ವಿದ್ಯೆ ಇನ್ನೂ ಕೈಗೆ ಬರದಿದ್ದ ಕಾಲ ಅದು.

1978ರಲ್ಲಿ ಜಪಾನಿನ ಯಾಮೈಜುಮಿ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 'ಎ' ತುಂಡನ್ನು ಲೆಕ್ಕ ಹಾಕಿ ಜೀವಕೋಶದ ಒಳಗೇ ಇಳಿಸಿ ನೋಡಿದರು. ಒಂದು ಜೀವಕೋಶವನ್ನು ಕೊಲ್ಲಲು ಒಂದೇ ಒಂದು ಅಣು ಸಾಕು. ಕಿಣ್ವವಲ್ಲವೇ, ಒಂದು ಬೆರಳಿಗೆ ಅಂಟಿಸಿ ಮುಗಿಯಿತು ಅನ್ನುವುದಿಲ್ಲ, ಮುಂದಿನದಕ್ಕೆ ಹೋಗುತ್ತಲೇ ಇರುತ್ತದೆ.

ಎರಡಲ್ಲ, ಮೂರು

ಜೀವಕೋಶಕ್ಕೆ ಅಂಟಿಕೊಂಡರೆ ಸಾಲದು, ಒಳಗೂ ಹೋಗಬೇಕಲ್ಲ? ವಿಷ ಅಂಟಿದ ಕೂಡಲೇ ಜೀವಕೋಶ ಅದನ್ನು ಒಂದು ಪುಟ್ಟ ಚೀಲದಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಆ ಚೀಲದೊಳಗೆ ಹುಳಿ ಏರುತ್ತದೆ. ಹುಳಿ ಏರದಂತೆ ಅಮೋನಿಯಾ ಲವಣ ಹಾಕಿದರೆ ಜೀವಕೋಶ ಬದುಕುತ್ತದೆ ಎಂದು ಮೊದಲೇ ಗೊತ್ತಿತ್ತು. 1980ರಲ್ಲಿ ನಾರ್ವೆಯ ಸ್ಯಾಂಡ್ವಿಗ್ ಮತ್ತು ಓಲ್ಸ್‌ನೆಸ್ ಇದನ್ನು ತಿರುಗಿಸಿ ನೋಡಿದರು. ವಿಷ ಅಂಟಿಸಿಕೊಂಡ ಜೀವಕೋಶಗಳನ್ನು ಹುಳಿ ದ್ರವದಲ್ಲಿ ಇಟ್ಟರೆ, ಚೀಲದ ಹಂಗೇ ಇಲ್ಲದೆ ವಿಷ ನೇರವಾಗಿ ಪೊರೆ ದಾಟಿ ಒಳಗೆ ಹೋಯಿತು! ಅಂದರೆ 'ಬಿ' ತುಂಡಿನಲ್ಲಿ ಹುಳಿ ತಾಗಿದ ಕೂಡಲೇ ಬಿಚ್ಚಿಕೊಂಡು ಪೊರೆಯಲ್ಲಿ ತೂತು ಕೊರೆಯುವ ಭಾಗವೊಂದಿದೆ.

1992ರಲ್ಲಿ ಚೋ, ಕಾಲಿಯರ್, ಐಸೆನ್‌ಬರ್ಗ್ ಮತ್ತು ಇತರರು ಸೇರಿ ವಿಷದ ಹರಳನ್ನು ಎಕ್ಸ್-ರೇಯಿಂದ ಅಳೆದು ಅದರ ಆಕಾರವನ್ನು ಪ್ರಕಟಿಸಿದಾಗ ಎಲ್ಲರ ಅನುಮಾನ ಪರಿಹಾರವಾಯಿತು. ಕವೆಯ ಆಕಾರ, ಅದರಲ್ಲಿ ಬೇರೆ ಬೇರೆಯಾಗಿ ಕಾಣುವ ಮೂರು ಭಾಗ. ಮಿಕ್ಸಿ ಉಪಮೆ ಇಲ್ಲಿಗೆ ಸಾಲದು, ಈಗ ಇದನ್ನು ಮೂವರ ಕನ್ನಗಳ್ಳರ ತಂಡ ಎನ್ನೋಣ. ಸರದ ಕೊನೆಯ ಭಾಗ, ಸುಮಾರು 386ರಿಂದ 535ನೇ ಮಣಿಯವರೆಗೆ, ಮನೆಯ ಗುರುತು ಹಿಡಿದು ಬಾಗಿಲ ಚಿಲಕಕ್ಕೆ ಜೋತು ಬೀಳುವವನು. ನಡುವಿನ ಭಾಗ, ಸುಮಾರು 200ರಿಂದ 380, ಗೋಡೆಗೆ ಕನ್ನ ಕೊರೆಯುವವನು. ಮೊದಲ 190 ಮಣಿಗಳು ಒಳಗೆ ನುಗ್ಗಿ ಒಲೆ ಆರಿಸುವವನು. ಮೂವರಲ್ಲಿ ಒಬ್ಬ ಕೈಕೊಟ್ಟರೂ ಕಳ್ಳತನ ನಡೆಯದು. ಒಲೆ ಆರಿಸುವವನ ಕೈಯಲ್ಲೂ ಮುಖ್ಯ ಬೆರಳು ಯಾವುದೆಂದು 1980ರ ದಶಕದಲ್ಲೇ ಕಾಲಿಯರ್ ತಂಡ ಗುರುತಿಸಿತ್ತು, 148ನೇ ಮಣಿಯಾದ ಗ್ಲುಟಾಮಿಕ್ ಆಮ್ಲ.

ಚಿಲಕದ ಗುರುತೂ 1992ರಲ್ಲೇ ಸಿಕ್ಕಿತು. ಅದು ನಮ್ಮ ಜೀವಕೋಶಗಳ ಮೇಲೆ ಬೇರೆ ಕೆಲಸಕ್ಕೆಂದು ಇರುವ ಎಚ್‌ಬಿ-ಇಜಿಎಫ್ ಎಂಬ ಪ್ರೋಟೀನಿನ ಮೂಲರೂಪ. ಇಲಿಗಳಲ್ಲಿ ಇದರ ಕೆಲವು ಮಣಿಗಳು ಬೇರೆ, ಆದ್ದರಿಂದ ಮನುಷ್ಯನನ್ನು ಕೊಲ್ಲುವ ವಿಷ ಇಲಿಗೆ ಹೆಚ್ಚೇನೂ ಮಾಡದು. ಇಷ್ಟೊಂದು ದಿನ ಪ್ರಯೋಗಾಲಯಗಳು ಇಲಿ ಬಿಟ್ಟು ಗಿನಿಯಿಲಿಯನ್ನೇ ಯಾಕೆ ನೆಚ್ಚಿಕೊಂಡಿದ್ದವು ಎಂಬುದಕ್ಕೆ ಕಾರಣ ಇದೇ. ಇನ್ನೊಂದು ತಮಾಷೆ. ಸ್ಯೂಡೋಮೊನಾಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದ ವಿಷವೂ ಇದೇ ಇಎಫ್-2ರ ಅದೇ ಜಾಗಕ್ಕೆ ಅದೇ ಚೂರನ್ನು ಅಂಟಿಸುತ್ತದೆ, ಆದರೆ ಅದರ ಸರದಲ್ಲಿ ಕಳ್ಳರ ಸಾಲು ಹಿಂದುಮುಂದು. ಚಿಲಕ ಹಿಡಿಯುವವನು ಮೊದಲು, ಒಲೆ ಆರಿಸುವವನು ಕೊನೆಗೆ.

ಈ ನಕ್ಷೆ ಬರೀ ಪುಸ್ತಕದ ಬದನೆಕಾಯಿ ಅಲ್ಲ. ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ ಕೆಲಸ ಮಾಡುವುದು ವಿಷ ಇನ್ನೂ ಹೊರಗೆ ತೇಲುತ್ತಿರುವಾಗ ಮಾತ್ರ. ಕಳ್ಳ ಒಂದು ಸಲ ಕನ್ನ ಕೊರೆದು ಒಳಹೊಕ್ಕನೋ, ಪ್ರತಿಕಾಯಗಳಿಗೆ ಅವನು ಸಿಗುವುದಿಲ್ಲ, ಏಕೆಂದರೆ ಅವು ಜೀವಕೋಶದ ಒಳಗೆ ಹೋಗಲಾರವು. ಅದಕ್ಕೇ ಗಂಟಲುಮಾರಿಯ ಅನುಮಾನ ಬಂದರೆ ಪರೀಕ್ಷೆಯ ವರದಿಗೆ ಕಾಯದೆ ಪ್ರತಿವಿಷ ಕೊಡಿ ಎಂದು ವೈದ್ಯಶಾಸ್ತ್ರ ಹೇಳುವುದು. 2015ರಲ್ಲಿ ಸ್ಪೇನಿನ ಓಲೋಟ್ ಎಂಬ ಊರಿನಲ್ಲಿ ಲಸಿಕೆ ಹಾಕಿಸದ 6 ವರ್ಷದ ಹುಡುಗನಿಗೆ ಈ ರೋಗ ಬಂತು. ದೇಶದಲ್ಲಿ ಎಲ್ಲೂ ಪ್ರತಿವಿಷ ಇರಲಿಲ್ಲ, ಹುಡುಕಿ ರಷ್ಯಾದಿಂದ ತರಿಸಬೇಕಾಯಿತು. ಮಗು ಉಳಿಯಲಿಲ್ಲ. ಶ್ರೀಮಂತ ದೇಶ, ಒಳ್ಳೆಯ ಆಸ್ಪತ್ರೆ, ಎಲ್ಲ ಇದ್ದೂ ಹೀಗಾಯಿತು. ಅದರ ಅಪ್ಪ ಅಮ್ಮನ ಸ್ಥಿತಿ ಯಾರಿಗೂ ಬೇಡ.

ಕಾಗದದ ಪ್ರಶ್ನೆಗೆ ಉತ್ತರ

ಈಗ ಸಿಆರ್‌ಎಂ197ಕ್ಕೆ ಬರೋಣ. ಅದರಲ್ಲಿ ಕೆಟ್ಟಿರುವುದೇನು ಎಂದು 1984ರಲ್ಲಿ ಇಟಲಿಯ ರಪ್ಪುಯೋಲಿ ಮತ್ತು ಸಂಗಡಿಗರು ಜೀನ್ ಓದಿ ಹೇಳಿದರು. 535 ಮಣಿಗಳಲ್ಲಿ ಒಂದೇ ಒಂದು! 52ನೆಯದು ಗ್ಲೈಸೀನ್ ಇರಬೇಕಿತ್ತು, ಅಲ್ಲಿ ಗ್ಲುಟಾಮಿಕ್ ಆಮ್ಲ ಕೂತಿದೆ. ಅಷ್ಟಕ್ಕೇ ಎನ್‌ಎಡಿಯನ್ನು ಹಿಡಿಯುವ ಗೂಡು ಕೆಟ್ಟು, ಒಲೆ ಆರಿಸುವವನ ಕೈ ಬಿದ್ದುಹೋಗಿದೆ. ಉಳಿದದ್ದೆಲ್ಲ ಇದ್ದ ಹಾಗೇ ಇದೆ.

ಇದನ್ನು ನ್ಯುಮೋನಿಯಾ ಲಸಿಕೆಗೆ ಹಾಕಲು ಕಾರಣ ಹಸುಳೆಗಳ ರೋಗನಿರೋಧಕ ಶಕ್ತಿಯ ಒಂದು ಕೊರತೆ. ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯ ಹೊದಿಕೆ ಇರುತ್ತದೆ. ದೊಡ್ಡವರ ದೇಹ ಆ ಸಕ್ಕರೆಯನ್ನು ಶತ್ರು ಎಂದು ಗುರುತಿಸುತ್ತದೆ, ಎರಡು ವರ್ಷದೊಳಗಿನ ಮಗುವಿನ ದೇಹ ಅದನ್ನು ಕಂಡೂ ಕಾಣದಂತೆ ಇರುತ್ತದೆ. ಆದರೆ ಪ್ರೋಟೀನು ಕಂಡರೆ ಮಗುವಿನ ದೇಹವೂ ಎಚ್ಚೆತ್ತುಕೊಳ್ಳುತ್ತದೆ. ಸಕ್ಕರೆಯನ್ನು ಪ್ರೋಟೀನಿಗೆ ಅಂಟಿಸಿ ಕೊಟ್ಟರೆ ಸಕ್ಕರೆಯ ಗುರುತೂ ಮನಸ್ಸಿಗೆ ನಾಟುತ್ತದೆ. ಕಹಿ ಗುಳಿಗೆಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಡುವ ಅಜ್ಜಿಯ ಉಪಾಯವೇ ಇದು, ಇಲ್ಲಿ ಸಕ್ಕರೆಯೇ ಗುಳಿಗೆ ಅನ್ನುವುದಷ್ಟೇ ವ್ಯತ್ಯಾಸ. ಆ ಬಾಳೆಹಣ್ಣು ಸಿಆರ್‌ಎಂ197. ಫಾರ್ಮಾಲಿನ್ ಹಾಕಿ ವಿಷ ತೆಗೆಯುವ ಅಗತ್ಯವಿಲ್ಲ, ಆದ್ದರಿಂದ ಪ್ರತಿ ಅಣುವೂ ಒಂದೇ ರೀತಿ ಇರುತ್ತದೆ. ಸಕ್ಕರೆ ಅಂಟಿಸಲು 39 ಲೈಸೀನ್ ಮಣಿಗಳ ಕೊಕ್ಕೆಗಳೂ ಇವೆ. 1990ರಲ್ಲಿ ಅಮೆರಿಕದಲ್ಲಿ ಶಿಶುಗಳಿಗೆ ಬಂದ ಹಿಬ್ ಲಸಿಕೆಯೊಂದರಲ್ಲಿ, 2000ದಲ್ಲಿ ಬಂದ ಪ್ರೆವ್ನಾರ್‌ನಲ್ಲಿ, ಆಮೇಲಿನ 13 ಮತ್ತು 20 ಬಗೆಯ ಪ್ರೆವ್ನಾರ್‌ಗಳಲ್ಲಿ ಇರುವುದು ಇದೇ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ನ್ಯುಮೊಸಿಲ್ ಲಸಿಕೆಯಲ್ಲೂ ಇದೇ ಇದೆ. ಲಸಿಕೆಯಲ್ಲಿರುವುದು ಜೀವವಿಲ್ಲದ ಪ್ರೋಟೀನು ಮಾತ್ರ, ಬ್ಯಾಕ್ಟೀರಿಯಾ ಅಲ್ಲ. ಅದು ಮೈಯೊಳಗೆ ಬೆಳೆಯುವುದಿಲ್ಲ, ಮತ್ತೆ ವಿಷವಾಗಿ ಬದಲಾಗುವುದೂ ಇಲ್ಲ. ಇದರಲ್ಲಿ ಡಿಫ್ತೀರಿಯಾ ಅಂತ ಹೆಸರಿದೆಯಲ್ಲ, ಹಾಗಾದರೆ ಡಿಟಿಎಪಿ ಬಿಡಬಹುದೇ ಎಂದು ಕೇಳುವವರಿಗೆ: ಬಿಡಬಾರದು. ಇದು ಅದಕ್ಕೆ ಬದಲಿಯಲ್ಲ.

ನಕ್ಷೆಯಿಂದ ಇನ್ನೊಂದು ಉಪಯೋಗವೂ ಆಯಿತು. ಚಿಲಕ ಹಿಡಿಯುವವನನ್ನು ತೆಗೆದು ಹಾಕಿ, ಅವನ ಜಾಗದಲ್ಲಿ ಕ್ಯಾನ್ಸರ್ ಜೀವಕೋಶದ ಬಾಗಿಲು ಮಾತ್ರ ಗೊತ್ತಿರುವವನನ್ನು ಕೂರಿಸಿದರೆ? ಹಾಗೆ ವಿಷದ ಮೊದಲ ಸುಮಾರು 390 ಮಣಿಗಳಿಗೆ ಇಂಟರ್‌ಲ್ಯೂಕಿನ್-2 ಜೋಡಿಸಿ ಮಾಡಿದ ಓಂಟಾಕ್ ಎಂಬ ಔಷಧಕ್ಕೆ 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ. ಅದು ಮಾರುಕಟ್ಟೆಯಿಂದ ಹೋಗಿ, ಶುದ್ಧೀಕರಿಸಿದ ಹೊಸ ರೂಪಕ್ಕೆ 2024ರಲ್ಲಿ ಒಪ್ಪಿಗೆ ಬಂದಿದೆ. ಇಂಟರ್‌ಲ್ಯೂಕಿನ್-3 ಜೋಡಿಸಿದ ಇನ್ನೊಂದಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಿತ್ತು, ಅಪರೂಪದ ಒಂದು ರಕ್ತದ ಕ್ಯಾನ್ಸರಿಗೆ. ತೊಂದರೆ ಏನೆಂದರೆ ನಾವೆಲ್ಲ ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿಕೊಂಡವರು, ನಮ್ಮ ಪ್ರತಿಕಾಯಗಳು ಈ ಔಷಧವನ್ನೂ ಹಳೆಯ ಕಳ್ಳನೆಂದೇ ತಿಳಿದು ಹಿಡಿಯಲು ಹೋಗುತ್ತವೆ!

ಕೊನೆಗೆ, ಊರಿಗೆ ಹೊರಟವರಿಗೆ ಮತ್ತು ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಭಾರತದಲ್ಲಿ ಗಂಟಲುಮಾರಿ ಇನ್ನೂ ಹೋಗಿಲ್ಲ, ಕರ್ನಾಟಕದಲ್ಲೂ ಆಗಾಗ ಕಾಣಿಸಿಕೊಳ್ಳುತ್ತದೆ. ಚಿಕ್ಕಂದಿನ ಲಸಿಕೆಯ ಬಲ ವರ್ಷಗಳು ಕಳೆದಂತೆ ತಗ್ಗುತ್ತದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗ ಬಂದಾಗ ಅವರಲ್ಲಿ ದೊಡ್ಡವರೂ ಬಹಳ ಇದ್ದರು. ಅದಕ್ಕೇ ಇಲ್ಲಿ ದೊಡ್ಡವರಿಗೆ 10 ವರ್ಷಕ್ಕೊಮ್ಮೆ ಟಿಡಿ ಅಥವಾ ಟಿಡಾಪ್ ಹಾಕಿಸಿಕೊಳ್ಳಿ ಎನ್ನುವುದು. ಇಂಗ್ಲಿಷಿನಲ್ಲಿ ಬರೆಯುವಾಗ ಮಕ್ಕಳದ್ದಕ್ಕೆ ದೊಡ್ಡ 'ಡಿ', ದೊಡ್ಡವರದ್ದಕ್ಕೆ ಚಿಕ್ಕ 'ಡಿ', ಏಕೆಂದರೆ ದೊಡ್ಡವರಿಗೆ ಕೊಡುವ ಡಿಫ್ತೀರಿಯಾ ಅಂಶದ ಪ್ರಮಾಣ ಕಡಿಮೆ. ಇನ್ನು ಊರಿನಲ್ಲಿ ಕಾಲಿಗೆ ಮೊಳೆ ಚುಚ್ಚಿದಾಗ ಅಪ್ಪ ಹಾಕಿಸಿಕೊಂಡ 'ಟಿಟಿ ಇಂಜೆಕ್ಷನ್' ಇದಕ್ಕೆ ಲೆಕ್ಕಕ್ಕಿಲ್ಲ, ಅದರಲ್ಲಿ ಧನುರ್ವಾಯುವಿನದ್ದು ಮಾತ್ರ ಇರುತ್ತದೆ, ಗಂಟಲುಮಾರಿಯದ್ದು ಇರುವುದಿಲ್ಲ. ಟಿಕೆಟ್ ಬುಕ್ ಮಾಡುವಾಗಲೇ ಮನೆಯವರೆಲ್ಲರ ಕಾರ್ಡು ತೆಗೆದು, ಕೊನೆಯ ಟಿಡಿ ಯಾವ ವರ್ಷ ಎಂದು ನೋಡಿ ಡಾಕ್ಟರನ್ನು ಕೇಳಿ.